ಕೈಯಲ್ಲಿ ಎರಡು ಸುತ್ತು

ಚಿಕ್ಕಮಲ್ಲಪ್ಪನವರು ನಡೆಯುವಾಗ ಅಂಗಿಯ ಅಂಚನ್ನು ಎಡಗೈಯಲ್ಲಿ ಮುದುರಿ ಹಿಡಿದಿರುತ್ತಾರೆ. ಗುಂಡ್ಲುಪೇಟೆಯ ತಮ್ಮ ಗ್ಯಾರೇಜಿನಲ್ಲಿ ಮಾತ್ರವಲ್ಲ, ಮದುವೆಮನೆಯ ಊಟದ ಪಂಕ್ತಿಯಲ್ಲೂ, ಗುಡಿಯ ಪ್ರದಕ್ಷಿಣೆಯಲ್ಲೂ ಅದೇ ನಡಿಗೆ, ಗೋಡೆಯಿಂದ ಮೊಳ ದೂರ, ತುಸು ಓರೆಯಾಗಿ. ಅರಿಯದವರು ಹೊಟ್ಟೆನೋವೆಂದುಕೊಳ್ಳುತ್ತಾರೆ. ನನ್ನ ತವರು ಹರದನಹಳ್ಳಿಯವರೇ ಆದ್ದರಿಂದ ನನಗೆ ಕಾರಣ ಗೊತ್ತು. ಹರೆಯದಲ್ಲಿ ಅವರು ಸಂತೆಮರಹಳ್ಳಿಯ ಹಿಟ್ಟಿನ ಮಿಲ್ಲಿನಲ್ಲಿ ದುಡಿದವರು. ತಿರುಗುವ ಬೆಲ್ಟು ಜೊತೆಗಾರನ ಹೆಗಲ ಟವಲನ್ನು ಸೆಳೆದುಕೊಂಡದ್ದನ್ನು ಕಣ್ಣಾರೆ ಕಂಡವರು. ಆತ ಬದುಕಿಕೊಂಡ. ಇವರ ಎಡಗೈ ಮಾತ್ರ ಅಂದು ಮುಚ್ಚಿದ್ದು ಇನ್ನೂ ಬಿಚ್ಚಿಲ್ಲ.

ಮಾತಿನಲ್ಲೂ ಅಂಥದೇ ಒಂದು ಹಿಡಿತ. ಯಾರು ಏನು ಹೇಳಿದರೂ ‘ನೋಡ್ದೋರ್ಯಾರು?’ ಎನ್ನುತ್ತಾರೆ. ಆಚೆ ಊರಲ್ಲಿ ಮಳೆಯಂತೆ ಎಂದರೂ ಅದೇ, ಮಗಳನ್ನು ಗಂಡಿನವರು ಒಪ್ಪಿದರಂತೆ ಎಂದರೂ ಅದೇ. ಅನ್ನ ಆಗಿದೆ ಎಂದರೂ ಮುಚ್ಚಳ ತೆಗೆದು ನೋಡುತ್ತಾರೆಂದು ಅವರ ಹೆಂಡತಿ ಸುಧಾಮಣಿ ನನ್ನೊಡನೆ ದೂರಿದ್ದುಂಟು.

ನನ್ನ ಮೊಮ್ಮಗಳು ಮಧುಶ್ರೀಗೆ ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನಾಚೆಯ ಶಾಲೆಯಲ್ಲಿ ಕೆಲಸವಾಯಿತು. ಆನೆ ತಿರುಗುವ ದಾರಿ, ಗಾಡಿ ನಿಲ್ಲಿಸುವಂತಿಲ್ಲ, ದಿನವೂ ಒಬ್ಬಳೇ ದಾಟಬೇಕು. ಅದಕ್ಕೆಂದೇ ಚಾಮರಾಜನಗರದಲ್ಲಿ ಎಂಟು ವರ್ಷ ಓಡಿದ ಕಾರೊಂದನ್ನು ಕೊಂಡಳು. ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದೆವು. ಎಂಜಿನ್ನಿನ ಸದ್ದೇ ಕೇಳುವುದಿಲ್ಲವೆಂದು ನೆಂಟರೆಲ್ಲ ಕೊಂಡಾಡಿದರು. ಸೋಮವಾರ ಕೆಲಸಕ್ಕೆ ಸೇರಬೇಕು, ಶುಕ್ರವಾರ ನಾನೇ ಹಟಮಾಡಿ ಅವಳನ್ನು ಚಿಕ್ಕಮಲ್ಲಪ್ಪನವರಲ್ಲಿಗೆ ಹೊರಡಿಸಿ, ಜೊತೆಗೆ ನಾನೂ ಹೋದೆ.

ಅವರು ಸದ್ದಿಗೆ ಕಿವಿಗೊಡಲೇ ಇಲ್ಲ. ಟೈಮಿಂಗ್ ಬೆಲ್ಟು ಯಾವಾಗ ಬದಲಾಯಿಸಿದ್ದು ಎಂದು ಕೇಳಿದರು. ಮಧುಶ್ರೀ ಮಾರಿದವನಿಗೆ ಫೋನು ಮಾಡಿದಳು. ಹೋದ ವರ್ಷವೇ ಹಾಕಿಸಿದೆ ಎಂದ. ರಸೀದಿ ಇರಲಿಲ್ಲ. ಇವರು ತಮ್ಮ ಎಂದಿನ ಪ್ರಶ್ನೆ ಕೇಳಿ, ಕವರು ಬಿಚ್ಚಿ, ಬೆಲ್ಟನ್ನು ಬೆರಳಲ್ಲಿ ಮಡಿಸಿ ತೋರಿಸಿದರು. ಬೇಸಿಗೆಯ ಹಿಮ್ಮಡಿಯ ಹಾಗೆ ಸೀಳುಗಳು. ಎಂಜಿನ್ನಿನ ಮೇಲಿನದನ್ನೂ ಕೆಳಗಿನದನ್ನೂ ಒಂದೇ ತಾಳದಲ್ಲಿ ಇಡುವುದು ಈ ಹಲ್ಲಿನ ಬೆಲ್ಟಂತೆ; ಹರಿದರೆ ಒಳಗಿನವು ಒಂದಕ್ಕೊಂದು ಬಡಿದುಕೊಂಡು, ಗಾಡಿ ನಿಂತಲ್ಲೇ ಹಾಳು.

‘ಮಿಲ್ಲಿನ ಬೆಲ್ಟು ಹರಿಯಕ್ ಮುಂಚೆ ಪಟಪಟ ಅಂತ ಕೂಗಿ ಹೇಳ್ತಿತ್ತು ಕಣಕ್ಕ,’ ಎಂದರು ನನಗೆ. ‘ಇದು ಏನೂ ಹೇಳಕಿಲ್ಲ.’

ಹೊಸ ಬೆಲ್ಟು ಮೈಸೂರಿನಿಂದ ಬರುವಾಗ ಭಾನುವಾರ ಮಧ್ಯಾಹ್ನ. ಕೂರಿಸಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮಧುಶ್ರೀ ಕೀಲಿ ಹಿಡಿದು ನಿಂತಿದ್ದಳು. ಆದರೆ ಅವರ ಗ್ಯಾರೇಜಿನಲ್ಲಿ ಒಂದು ನೇಮವಿದೆ: ಕೀಲಿ ತಿರುಗಿಸುವ ಮೊದಲು ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮೇಲಿನ ಗುರುತೂ ಕೆಳಗಿನ ಗುರುತೂ ಕೂಡಿದವೇ ಎಂದು ನೋಡಬೇಕು. ತಿರುಗಿಸಿದರು, ಬಗ್ಗಿದರು, ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

‘ಒಂದು ಹಲ್ಲು ತಪ್ಪೋಗದ. ಕೂರ್ಸಿದ್ದು ನಾನೇ, ತಪ್ಪಿರೋದೂ ನಾನೇ.’

ಟ್ರ್ಯಾಕ್ಟರು ತಂದು ಕಾಯುತ್ತಿದ್ದ, ಅವರ ಓರಗೆಯ ಪುಟ್ಟಬಸಪ್ಪ ಬಿಡಲಿಲ್ಲ. ‘ಏನ್ಲಾ ಮಲ್ಲಪ್ಪ, ಊರೋರ್ ತಪ್ಪೆಲ್ಲ ಹುಡ್ಕೋನು ನೀನು. ನಿಂಗೂ ತಪ್ತದಾ?’

‘ತಪ್ತದ ಕಣ್ಲಾ. ಅದ್ಕೇ ಕೈಲಿ ಸುತ್ತೋದು.’

ಮಧುಶ್ರೀಗೆ ಅಳುವೇ ಬಂದಿತ್ತು. ಒಂದೇ ಹಲ್ಲು ತಾನೆ, ಸ್ಟಾರ್ಟ್ ಮಾಡಿ ನೋಡಿ, ಸದ್ದು ಸರಿಯಿದ್ದರೆ ಒಯ್ಯುತ್ತೇನೆ ಎಂದಳು. ಅವರು ಕೈ ಚಾಚಿ ಕೀಲಿಯನ್ನು ಇಸಿದುಕೊಂಡರು.

‘ಸ್ಟಾರ್ಟೂ ಆಗ್ಬೋದು ಕಣಮ್ಮಿ, ಓಡ್ಲೂಬೋದು. ನಾಳ ಕಾಡಲ್ಲಿ ನೀನೊಬ್ಳೇ ಇರ್ತಿಯ. ನಾನಿರಕಿಲ್ಲ.’

ಎಲ್ಲವನ್ನೂ ಮೊದಲಿನಿಂದ ಬಿಚ್ಚಿದರು. ಪುಟ್ಟಬಸಪ್ಪ ನಗುವುದನ್ನು ನಿಲ್ಲಿಸಿ, ತಾನೇ ಎದ್ದು ದೀಪ ಹಿಡಿದ. ಮತ್ತೆ ಕೂರಿಸಿ, ಮತ್ತೆ ಎರಡು ಸುತ್ತು ತಿರುಗಿಸಿ, ಈ ಸಲ ಮಧುಶ್ರೀಯನ್ನೇ ಬಗ್ಗಿಸಿ ಗುರುತು ನೋಡಿಸಿದರು. ಕೂಡಿದೆ ಎಂದು ಅವಳ ಬಾಯಿಂದ ಬಂದ ಮೇಲೆಯೇ ಕೀಲಿ ಕೊಟ್ಟದ್ದು.

ಈಗ ಸಂಜೆ ಅವಳು ಮದ್ದೂರು ಕಾಡು ದಾಟುವ ಹೊತ್ತಿಗೆ ನಾನು ಅಕ್ಕಿ ಆರಿಸುತ್ತ ಕೂತಿರುತ್ತೇನೆ. ಫೋನಿನ ಕಡೆ ನೋಡುವುದಿಲ್ಲ. ಪರರ ಮಾತನ್ನು ನಂಬದವರು ಲೋಕದಲ್ಲಿ ಬೇಕಾದಷ್ಟು ಮಂದಿ, ಅವರಿಂದ ನಮಗೆ ಬೇಸರವಲ್ಲದೆ ಬೇರೇನೂ ಇಲ್ಲ. ತಮ್ಮ ಕೈಯನ್ನೂ ಅಷ್ಟೇ ಅನುಮಾನದಿಂದ ನೋಡಿ, ತಪ್ಪು ಕಂಡಾಗ ನಾಲ್ವರ ಮುಂದೆ ಬಾಯಿಬಿಟ್ಟು ಹೇಳುವವರು ವಿರಳ. ಹೆಣ್ಣುಮಕ್ಕಳನ್ನು ದೂರದ ದಾರಿಗೆ ಕಳಿಸುವ ನಮ್ಮಂಥವರ ಧೈರ್ಯವೆಲ್ಲ ಅಂಥವರಿಂದಲೇ ಬಂದದ್ದು.