ಎಮ್ಮೆಯ ಮೇಲಿಟ್ಟ ಬೆರಳು

ಬೀಗದ ಕೈ ಸಿಗಲಿಲ್ಲ. ಉಜ್ಜಿನಪ್ಪ ಅಲಮಾರದ ಸಂದಿಗೆ ಸಲಾಕೆ ಹಾಕಿ ಮೀಟುತ್ತಿದ್ದ. ಹೊರಗೆ ಪಡಸಾಲೆಯಲ್ಲಿ ಅವನ ಹೆಂಡತಿ ಸುವರ್ಣಮ್ಮ ಟೀಚರ ಶವವನ್ನು ನೆಂಟರು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚುತ್ತಿದ್ದರು.

"ಅಪ್ಪಾ, ಅಯ್ಯನೋರು ಕರಿಯಾಕತ್ಯಾರ. ಹೊತ್ತಾತಂತ," ಅಂದಳು ಮಗಳು ಅಕ್ಷತಾ.

"ಬಂದೆ ಅನ್ನು."

ಬಾಗಿಲು ಸೊಟ್ಟಗಾಗಿ ತೆರೆದುಕೊಂಡಿತು. ಸೀರೆಗಳ ಕೆಳಗೆ ತಾನೇ ತುರುಕಿದ್ದ ಪುಸ್ತಕವನ್ನು ಎಳೆದುಕೊಂಡು ಹೊರಗೆ ಬಂದ. ಕರೂರಿನ ಗೊಬ್ಬರದಂಗಡಿಯ ಉಜ್ಜಿನಪ್ಪ ಯೂರಿಯಾ, ಡಿಎಪಿ ಬಿಟ್ಟು ಬೇರೆ ಮಾತಾಡಿದ್ದನ್ನು ಕೇಳಿದವರು ಕಡಿಮೆ. ಅಂಥವನು ಮಣ್ಣಿಗೆ ಬಂದ ಜನರ ನಡುವೆ ನಿಂತು, "ಇಕಿ ಸಾಲ್ಯಾಗ ಕಲಿತೋರು ಯಾರದೀರಿ? ಇಲ್ಲಿ ಬರ್ರಿ," ಎಂದು ಕೂಗಿದಾಗ ಭಜನೆಯವರೂ ತಾಳ ನಿಲ್ಲಿಸಿದರು.

*

ದೀಪಾವಳಿ ಮುಗಿದ ಮೇಲೆ ಲಕ್ವ ಹೊಡೆದು ಸುವರ್ಣಮ್ಮನ ಬಲಗೈಯೂ ಮಾತೂ ಹೋಗಿದ್ದವು. ಬಳ್ಳಾರಿಯ ಆಸ್ಪತ್ರೆಯಿಂದ ಮನೆಗೆ ಬಂದವಳು ಸನ್ನೆ ಮಾಡಿ ತರಿಸಿಕೊಂಡದ್ದು ಈ ಪುಸ್ತಕವನ್ನೇ. ಅದರಲ್ಲಿ ಒಂದಕ್ಷರವೂ ಇಲ್ಲ, ಬರೀ ನಗೆಯ ಚಿತ್ರಗಳು. ಶಾಲೆಯಲ್ಲಿ ಇದನ್ನು ತೋರಿಸಿಯೇ ಅವಳು ಮಕ್ಕಳಿಂದ ಕತೆ ಬರೆಸುತ್ತಿದ್ದಳು. ಈಗ ದಿನವೂ ಒಂದೇ ಪುಟ ತೆಗೆಯುವಳು: ಕ್ಷೌರದಂಗಡಿಯ ಕುರ್ಚಿಯಲ್ಲಿ, ಕೊರಳಿಗೆ ಬಿಳಿಬಟ್ಟೆ ಸುತ್ತಿಸಿಕೊಂಡು ಗತ್ತಿನಿಂದ ಕೂತ ಎಮ್ಮೆ. ಅದರ ಮೇಲೆ ಎಡಗೈ ಬೆರಳಿಟ್ಟು ಗಂಡನ ಮುಖವನ್ನೇ ನೋಡುವಳು.

"ನೀರು ಬೇಕೇನು? ಮಗ್ಗಲಾ ಬದಲಿಸ್ಲೇನು?"

ಅಲ್ಲವೆಂದು ತಲೆಯಾಡಿಸುವಳು. ಮತ್ತೆ ಎಮ್ಮೆಯ ಮೇಲೆ ಬೆರಳು. ಒಂದು ದಿನ ಉಜ್ಜಿನಪ್ಪನಿಗೆ ತಲೆ ಕೆಟ್ಟಿತು.

"ನನಗ ಹುಚ್ಚು ಹಿಡಸ್ತೀಯೇನು, ಈ ಎಮ್ಮಿ ತೋರ್ಸಿ ತೋರ್ಸಿ?"

ಪುಸ್ತಕ ಕಿತ್ತುಕೊಂಡು ಅಲಮಾರಕ್ಕೆ ಹಾಕಿ ಬೀಗ ಜಡಿದ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ನಿನ್ನೆ ಹಾಗೆಯೇ ಹೋದಳು.

*

ಪುಸ್ತಕ ಕೈಯಿಂದ ಕೈಗೆ ಹೋಯಿತು. ಯಾರೋ ಕಿಸಕ್ಕನೆ ನಕ್ಕು, ಬಾಯಿಗೆ ಸೆರಗು ಅಡ್ಡ ಹಿಡಿದರು.

"ಮಾತು ಹೋದ ಮ್ಯಾಲ ದಿನಾ ಇದನ್ನ ತೋರ್ಸಿ ಏನೋ ಕೇಳ್ತಿದ್ಲು," ಅಂದ ಉಜ್ಜಿನಪ್ಪ. "ನನಗ ತಿಳೀಲಿಲ್ಲ. ನಿಮಗರ ತಿಳಿತೈತೇನು ನೋಡ್ರಿ."

ಟ್ರ್ಯಾಕ್ಟರ್ ಓಡಿಸುವ ಹುಲುಗೇಶ್ ಹಿಂಜರಿಯುತ್ತ ಹೇಳಿದ: "ಎಮ್ಮಿ ಮದಿವಿಗಿ ಹೊಂಟೈತಿ ಅಂತ ನಾ ಬರ್ದಿದ್ದೆ, ಸಾವ್ಕಾರ್ರೆ. ಟೀಚರ್ ಭಾಳ ನಕ್ಕಿದ್ರು."

ಉಜ್ಜಿನಪ್ಪ ಅಕ್ಷತಾಳ ಕಡೆ ತಿರುಗಿದ. ಮಗಳ ಮದುವೆ ನೋಡಬೇಕು ಅಂದಳೇ?

"ನಾ ಹಂಗ ಬರೀಲಿಲ್ಲ," ಅಂದ ಪಕ್ಕದಲ್ಲಿದ್ದ ಹಂಪೇಶ್. "ಕೊಂಬು ಭಾರಾಗಿ ತಲಿ ನೋಯ್ತೈತಿ, ಕೊಯ್ಸಾಕ ಬಂದೈತಿ ಅಂತ ಬರ್ದಿದ್ದೆ."

ತಲೆನೋವು. ಅಷ್ಟು ದಿನವೂ ಅವಳ ತಲೆ ಸಿಡಿಯುತ್ತಿತ್ತೇ? ಉಜ್ಜಿನಪ್ಪ ಇಬ್ಬರ ಕೈಯನ್ನೂ ಹಿಡಿದುಕೊಂಡ.

"ಎರಡ್ರಾಗ ಯಾವುದು ಖರೆ? ಒಂದು ಹೇಳ್ರಪ್ಪಾ, ನಿಮ್ಮ ಕಾಲು ಬೀಳ್ತೀನಿ."

"ಎಲ್ಲಾರದೂ ಖರೇನ ಅಂತಿದ್ರು ರೀ ಟೀಚರ್," ಅಂದ ಹಂಪೇಶ್.

ಉಜ್ಜಿನಪ್ಪ ಕಂಬಕ್ಕೆ ಒರಗಿ ಕೂತ. ತೆಕ್ಕಲಕೋಟೆಯಲ್ಲಿ ಬಟ್ಟೆ ಹೊಲಿಯುವ ಕಾವೇರಿ ಅವನ ಹತ್ತಿರ ಬಂದು ಕೂತಳು.

"ಬೆರಳಿಟ್ಟು ಸುಮ್ನ ಮುಖ ನೋಡ್ತಿದ್ರೇನ್ರಿ?"

"ಹೂಂ."

"ಸಾಲ್ಯಾಗೂ ಹಂಗ ಮಾಡ್ತಿದ್ರು. ಅದು ಕೇಳೋದಲ್ರಿ. ಬೆರಳಿಟ್ರು ಅಂದ್ರ, ಈಗ ನೀನು ಕತಿ ಹೇಳು ಅಂತ. ನಾ ಬಾಯಿ ಬಿಡ್ತಿರ್ಲಿಲ್ಲ. ನನ್ನ ಮುಂದ ಭಾಳ ಹೊತ್ತು ಹಂಗ ಇಟ್ಕಂಡು ಕುಂದುರ್ತಿದ್ರು."

"ನಾ ಹೇಳ್ಬೇಕಿತ್ತಾ?"

ಕಾವೇರಿ ಪುಸ್ತಕವನ್ನು ಎಮ್ಮೆಯ ಪುಟಕ್ಕೆ ತಿರುಗಿಸಿ ಅವನ ಕೈಗೆ ಕೊಟ್ಟಳು.

*

ರುದ್ರಭೂಮಿಯಲ್ಲಿ ಕುಣಿಯೊಳಗೆ ಸುವರ್ಣಮ್ಮನನ್ನು ಕೂರಿಸಿ ಪತ್ರಿ ಏರಿಸಿದ್ದಾಯಿತು. "ಮೊದಲು ಯಜಮಾನ್ರು ಮಣ್ಣು ಕೊಡ್ರಿ," ಅಂದರು ಅಯ್ಯನವರು.

ಉಜ್ಜಿನಪ್ಪ ಮಣ್ಣು ಮುಟ್ಟಲಿಲ್ಲ. ಅಂಚಿನಲ್ಲಿ ಕೂತು, ಪುಸ್ತಕ ಬಿಚ್ಚಿ ಅವಳ ಮುಖದ ಕಡೆ ಹಿಡಿದು, ಎಮ್ಮೆಯ ಮೇಲೆ ಬೆರಳಿಟ್ಟ.

"ಒಂದೂರಾಗ ಒಂದು ಎಮ್ಮಿ ಇತ್ತು," ಅಂದ. "ಆ ಎಮ್ಮಿ..."

ಬೆರಳು ಎಮ್ಮೆಯ ಮೇಲೇ ಇತ್ತು. ಮುಷ್ಟಿಯಲ್ಲಿ ಮಣ್ಣು ಹಿಡಿದವರೆಲ್ಲ ಕಾಯುತ್ತ ನಿಂತಿದ್ದರು.