ಹೆಡೆ ಮಡಚಿ ಹೊಲಿದ ಬ್ಯಾಗು

ಹದಿನೆಂಟು ಅಡಿ ಉದ್ದದ ಮೊಸಳೆಯೊಂದು ನನ್ನ ಕಾಲು ಹಿಡಿದು ಅತ್ತದ್ದನ್ನು ಅಬುಧಾಬಿಯ ಕಡಲ ದಂಡೆಯಲ್ಲಿ ಎರಡು ಸಾವಿರ ಜನ ಕಣ್ಣಾರೆ ನೋಡಿದ್ದಾರೆ. "ತನಿಯಪ್ಪಣ್ಣ, ನನ್ನ ಚರ್ಮ ಬೇರೆ ಯಾರ ಕೈಗೂ ಹೋಗುವುದು ಬೇಡ, ಹೊಲಿಯುವುದಾದರೆ ನೀವೇ ಹೊಲಿಯಿರಿ" ಎಂದು ಅದು ಬೇಡಿಕೊಂಡಿತು. ನಾನು ಅದರ ಕಣ್ಣೊರೆಸಿ, ಬೆನ್ನು ಸವರಿ ಅಳತೆ ತೆಗೆದುಕೊಂಡೆ. ಅದು ಅಂಗಿ ಬಿಚ್ಚಿದಷ್ಟು ಸಲೀಸಾಗಿ ಚರ್ಮ ಬಿಚ್ಚಿಕೊಟ್ಟು, ಮೈ ಮುಚ್ಚಿಕೊಳ್ಳುತ್ತ ನೀರಿಗಿಳಿಯಿತು.

"ಥೂ ಬೇವರ್ಸಿ!" ಎಂದಳು ರೋಸಿ ಬಾಯಿ. "ನನ್ನ ತಮ್ಮ ಐಸಿನಲ್ಲಿ ಬಿದ್ಕೊಂಡಿದ್ದಾನೆ. ಇವನಿಗೆ ಮೊಸಳೆ!"

ಎಲೆಕ್ಟ್ರಾ ಸ್ಟ್ರೀಟಿನ ಕೆಫೆಟೇರಿಯಾದಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕದ ಮೇಜಿಗೆ ನಾವು ಮೂವರು ಕೂತಿದ್ದೆವು. ನಾನು, ಸತ್ತ ಕಜೆತಾನನ ಅಕ್ಕ ರೋಸಿ ಬಾಯಿ, ಮತ್ತು ಅಲೆಕ್ಸಾಂಡರ್ ಪೊರ್ಬುಗಳು. ನಮ್ಮ ಕಡೆ ಕ್ರಿಸ್ತಿಯನ್ನರಲ್ಲಿ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಪೊರ್ಬುಗಳು ಹಗಲಿಗೆ ಯಾವುದೋ ಆಫೀಸಿನ ಗುಮಾಸ್ತರು. ಉಳಿದ ಹೊತ್ತಿನಲ್ಲಿ ನಮ್ಮ ಊರಿನವರ ಹೆಣಗಳನ್ನು ಊರಿಗೆ ಮುಟ್ಟಿಸಲು ಆಫೀಸಿನಿಂದ ಆಫೀಸಿಗೆ ಅಲೆಯುವವರು.

"ತನಿಯಪ್ಪ, ನನಗೆ ಮೊಸಳೆ ಬೇಡ ಮಾರಾಯ," ಎಂದರು. "ಕಜೆತಾನನ ವೀಸಾ ಇದ್ದ ಕ್ಲೀನಿಂಗ್ ಕಂಪೆನಿ ಬಾಗಿಲು ಹಾಕಿ ಓಡಿಹೋಗಿದೆ. ಕೆಲಸ ಕೊಟ್ಟ ಮೋಹನದಾಸ್, 'ಅವ ನಮ್ಮವ ಅಲ್ಲ, ಮುಖವೇ ನೋಡಿಲ್ಲ' ಅಂತಾನೆ. ಬಾಡಿ ಸಿಕ್ಕಿದ್ದು ಕಾರ್ ಪಾರ್ಕಿಂಗಿನಲ್ಲಿ. ಊರಿಗೆ ಕಳಿಸ್ಬೇಕಾದ್ರೆ ಅಕ್ಕ ಅಳ್ತಾ ನಿಂತ್ರೆ ಸಾಕಾಗುದಿಲ್ಲ, ಕೆಲಸ ಕೊಟ್ಟವ 'ನಮ್ಮವ' ಅನ್ನಬೇಕು. ಅವ ಅನ್ನದಿದ್ರೆ ಅನ್ನಿಸುವ ಸಾಕ್ಷಿ ಬೇಕು. ಅವನೊಟ್ಟಿಗೆ ಕೆಲಸ ಮಾಡಿದವ ನೀನೊಬ್ಬನೇ. ನಾಳೆ ಲೇಬರ್ ಆಫೀಸಿಗೆ ಬಂದು ಹೇಳ್ಬೇಕು. ಅದಕ್ಕೆ ಮೊದಲು ನನಗೆ ಹೇಳು. ಎಂಥ ಆಯ್ತು?"

"ಇವನ ಬಾಯಲ್ಲಿ ನಿಜ ಹೊರಡುದಿಲ್ಲ ಪೊರ್ಬು," ಎಂದಳು ರೋಸಿ ಬಾಯಿ. "ಹೆಸರು ಕೇಳಿದ್ರೂ ಅರ್ಧ ಸುಳ್ಳು ಸೇರಿಸ್ತಾನೆ."

ಈ ಮಾತು ಕೇಳಿ ನನಗೆ ಉತ್ಸಾಹ ಬಂತು. ಚಹಾ ಒಂದು ಗುಟುಕು ಕುಡಿದು ಶುರು ಮಾಡಿದೆ.

ಹಮ್ದಾನ್ ಸ್ಟ್ರೀಟಿನಲ್ಲಿ ಮೋಹನದಾಸ್ ಧಣಿಗಳ ಅಂಗಡಿಗೆ ಗಾಜಿನ ಮುಖ. ಅದರ ಬೆನ್ನಿಗೆ ಅಂಟಿಕೊಂಡ ಕಾರ್ಖಾನೆಗೆ ಮುಖವೇ ಇಲ್ಲ. ಶ್ರೀಮಂತ ಹೆಂಗಸರ ಬ್ಯಾಗುಗಳು ಕಾಯಿಲೆ ಬಿದ್ದರೆ ಅಲ್ಲಿಗೆ ಬರುತ್ತಿದ್ದವು: ಹಿಡಿ ಕಿತ್ತ ಮೊಸಳೆ, ಬಣ್ಣ ಹಾರಿದ ಹೆಬ್ಬಾವು, ಗರಿ ಕಿತ್ತ ಗುಳಿಗಳು ಹಾಗೆಯೇ ಉಳಿದ ಉಷ್ಟ್ರಪಕ್ಷಿ. ಧಣಿಗಳು ಅದನ್ನು ಬ್ಯಾಗ್ ಕ್ಲಿನಿಕ್ ಎನ್ನುತ್ತಿದ್ದರು. ಅಲ್ಲಿ ಡಾಕ್ಟರ್ ನಾನೇ. ನಾನು ಸೂಜಿ ಹಿಡಿದರೆ ಸತ್ತ ಮೊಸಳೆ ಬಾಲ ಆಡಿಸುತ್ತಿತ್ತು. ಪ್ಯಾರಿಸಿನಿಂದ ಏಳು ಜನ ಬಿಳಿಯರು ಬಂದು ನನ್ನ ಹೊಲಿಗೆಗೆ ಕೈಮುಗಿದು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಏರ್‌ಪೋರ್ಟ್ ಮುಟ್ಟಿದ್ದರು.

ಬ್ಯಾಗುಗಳನ್ನು ಇಡುವ ಕೋಣೆಗೆ ಹಗಲೂ ರಾತ್ರಿ ಏಸಿ. ಚರ್ಮ ಬಿರಿಯಬಾರದಲ್ಲ! ನಮ್ಮದು ಗೋಡೆಯ ಈಚೆಯ ಗೂಡು. ಕಿಟಕಿಯಿಲ್ಲ. ಅಂಟಿನ ಡಬ್ಬ, ಥಿನ್ನರ್ ಡಬ್ಬ, ಮೇಲೆ ಒಂದು ಫ್ಯಾನು. ಅದು ಒಳಗಿನ ವಾಸನೆಯನ್ನು ಹೊರಗೆ ತಳ್ಳಬೇಕು. ಕಜೆತಾನ್ ಬಣ್ಣ ಹಾಕುತ್ತಿದ್ದ. ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದಿದವನು, ಎದೆ ಎಂದರೆ ಭತ್ತದ ಕಣಜ. ಅವನು ಊದಿದರೆ ಮಂಗಳೂರಿನಲ್ಲಿ ಹಡಗುಗಳು ದಾರಿ ಬಿಡುತ್ತಿದ್ದವು. ಇದರಲ್ಲಿ ಸುಳ್ಳು ಕಡಿಮೆ.

ಒಂದು ಆಗಸ್ಟ್ ಮಧ್ಯಾಹ್ನ ಅವನ ಹಣೆಯಿಂದ ಬೆವರಿನ ಹನಿ ಮೊಸಳೆ ಬ್ಯಾಗಿನ ಮೇಲೆ ಬಿತ್ತು. ಧಣಿಗಳು ಗಿರಾಕಿ ಹೆಂಗಸೊಬ್ಬಳನ್ನು ಕರೆದುಕೊಂಡು ಬಂದವರು ಬಾಗಿಲಲ್ಲೇ ನೋಡಿದರು.

"ಬೆವರು ಬೀಳಿಸಿದಿಯಲ್ಲ ಬೋಳಿಮಗನೇ! ನಿನ್ನ ಮೈಯ ಚರ್ಮ ಪೂರಾ ಸುಲಿದು ಹೊಲಿದ್ರೂ ಇದರ ಒಂದು ಹಿಡಿ ಆಗ್ಲಿಕ್ಕಿಲ್ಲ."

ಕಜೆತಾನ್ ತನ್ನ ಅಂಗಿಯ ತುದಿಯಿಂದ ಒರೆಸಲು ಹೋದ.

"ಅಂಗಿ ಮುಟ್ಟಿಸ್ಬೇಡ ಅದಕ್ಕೆ, ಗಲೀಜು!" ಎಂದರು. ಮತ್ತೆ ನನ್ನತ್ತ ಕೈ ತೋರಿಸಿ ಹೆಂಗಸಿಗೆ ಹೇಳಿದರು: "ನೀವು ಹೆದರ್ಬೇಡಿ ಮೇಡಂ, ಸರಿ ಮಾಡ್ತಾನೆ ಇವ. ಇವರ ಜಾತಿಗೇ ಬರ್ತದೆ ಇದು. ತೊಟ್ಟಿಲಲ್ಲೇ ತೊಗಲು ಮೂಸಿದವರು."

ಹೆಂಗಸು ಮೂಗಿಗೆ ಕರ್ಚೀಫು ಹಿಡಿದಳು. ಅವಳ ಮೊಣಕೈಯಲ್ಲಿ ಇನ್ನೊಂದು ಮೊಸಳೆ ನೇತಾಡುತ್ತಿತ್ತು.

"ಅವ ಸತ್ತ ದಿನದ್ದು ಹೇಳು," ಎಂದರು ಪೊರ್ಬುಗಳು.

ಹೇಳಿದೆ. ಲೇಬರ್ ಆಫೀಸಿನ ಚೆಕಿಂಗಿನವರು ಬರುತ್ತಾರೆಂದು ಧಣಿಗಳಿಗೆ ಫೋನು ಬಂತು. ನಾನೂ ಕಜೆತಾನನೂ ಬೇರೆ ಬೇರೆ ಕಂಪೆನಿಯ ವೀಸಾದವರು, ಸಿಕ್ಕಿದರೆ ಎಲ್ಲರಿಗೂ ಕಷ್ಟ. ಧಣಿಗಳು ನಮ್ಮನ್ನು ಗೂಡಿನೊಳಗೆ ಹಾಕಿ ಬಾಗಿಲೆಳೆದರು. ಥಿನ್ನರಿನ ಘಾಟಿಗೆ ಕಜೆತಾನ್ ಕೆಮ್ಮತೊಡಗಿದ. ನಾನು ಸುಮ್ಮನಿರುವವನೇ? ಒಂದೇ ಒದೆತ. ಕಬ್ಬಿಣದ ಬಾಗಿಲು ಹಾರಿ ಹಮ್ದಾನ್ ಸ್ಟ್ರೀಟಿನ ನಡುವೆ ಬಿದ್ದು, ಮುಸ್ಸಂಜೆಯ ತನಕ ವಾಹನ ಬಂದ್. ಕಜೆತಾನನನ್ನು ಹೆಗಲಿಗೆ ಹಾಕಿ ಓಡಿದೆ. ಹಿಂದೆ ಬಂದ ಆಂಬುಲೆನ್ಸ್ ಹಿಂದೆಯೇ ಉಳಿಯಿತು. ಆದರೇನು, ದೇವರಿಗೆ ನನಗಿಂತ ಅವಸರ.

ರೋಸಿ ಬಾಯಿ ಈ ಸಲ ಬೈಯಲಿಲ್ಲ. ಖಾಲಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದಳು.

"ಹಾವಿನದ್ದೂ ಹೇಳು," ಎಂದಳು. "ಪೊರ್ಬುಗಳಿಗೆ ಅದು ಗೊತ್ತಿಲ್ಲ."

ಹಾವಿನ ವಿಷಯದಲ್ಲಿ ನಾನು ರಾಜ. ಕಜೆತಾನ್ ಶವಾಗಾರ ಸೇರಿದ ಮುಂದಿನ ವಾರ ಧಣಿಗಳ ಹೆಂಡತಿ ಚಂದ್ರಮತಿ ಅಕ್ಕ ತಮ್ಮದೇ ಬ್ಯಾಗು ಹಿಡಿದುಕೊಂಡು ಕಾರ್ಖಾನೆಗೆ ಬಂದರು. ಬೂದು ಬಣ್ಣದ್ದು, ಮೈತುಂಬ ಚೌಕುಳಿ. ಮಗಳು ಸಮೀಕ್ಷಾಳ ಅಂಗೈಯ ಚರ್ಮ ಸುಲಿಯುತ್ತಿದೆ, ಯಾವ ಮುಲಾಮಿಗೂ ಬಗ್ಗುತ್ತಿಲ್ಲ, ಬ್ಯಾಗಿನ ಬಣ್ಣ ಕೈಗೆ ಹತ್ತುತ್ತಿದೆಯೋ ಏನೋ ನೋಡು ಎಂದರು.

ನಾನು ಬ್ಯಾಗನ್ನು ಮೂಸಿದೆ. ಕಿವಿಗಿಟ್ಟುಕೊಂಡೆ. ಕಣ್ಣು ಮುಚ್ಚಿದೆ.

"ಅಕ್ಕಾ, ಇದು ನಾಗರಹಾವು."

"ಎಂಥ! ಪ್ರಿಂಟ್ ಅಂತ ಹೇಳಿದ್ರಲ್ಲ ಇವರು?"

"ನಾಗರವೇ. ಹೆಡೆ ಒಳಗೆ ಮಡಚಿ ಹೊಲಿದಿದ್ದಾರೆ. ನೋಡಿ, ಇಲ್ಲಿ ದಪ್ಪ ಉಂಟಲ್ಲ."

ಚಂದ್ರಮತಿ ಅಕ್ಕ ಬ್ಯಾಗನ್ನು ನೆಲಕ್ಕೆ ಬಿಟ್ಟು ಗೋಡೆಗೆ ಆತುಕೊಂಡರು. ಎರಡು ವರ್ಷ ಅದನ್ನು ಹೆಗಲಿಗೆ ಹಾಕಿಕೊಂಡು ತಿರುಗಿ, ಊರಿಗೆ ಹೋದಾಗ ನಾಗಬನಕ್ಕೂ ಅದರೊಟ್ಟಿಗೇ ಹೋಗಿ ನಾಗನಿಗೆ ಹಾಲಿನ ತನು ಹಾಕಿಸಿ ಬಂದವರು. ನಾಗನ ಎದುರು, ಹೆಗಲ ಮೇಲೆ ನಾಗನ ಹೆಣ! ಅವರಿಗೆ ಮೂರು ಮಾತಿನಲ್ಲಿ ಎಲ್ಲವೂ ತಿಳಿದುಹೋಯಿತು. ಮಗಳ ಕೈ ಸುಲಿದದ್ದು ಅದಕ್ಕೇ. ಕಾರ್ಖಾನೆಯಲ್ಲಿ "ಯಾರೋ ಒಬ್ಬ" ಸತ್ತದ್ದೂ ಅದಕ್ಕೇ.

ನಮ್ಮ ಕಡೆ ನಾಗರಹಾವು ಸತ್ತರೆ ಮನುಷ್ಯ ಸತ್ತ ಹಾಗೆಯೇ ಸಂಸ್ಕಾರ. ಬ್ಯಾಗಾದರೇನು? ಊರಿನಿಂದ ಭಟ್ಟರು ವಿಸಿಟ್ ವೀಸಾದಲ್ಲಿ ಹಾರಿಬಂದರು. ಖಲೀಫಾ ಸಿಟಿಯ ಧಣಿಗಳ ವಿಲ್ಲಾದ ಹಿತ್ತಲಲ್ಲಿ, ಮಾಂಸ ಸುಡುವ ಒಲೆಯನ್ನು ತೊಳೆದು ಅರಸಿನ ಹಚ್ಚಿ ಇಟ್ಟರು. ಬ್ಯಾಗನ್ನು ಮುಟ್ಟಲು ಮನೆಯಲ್ಲಿ ಯಾರೂ ಒಪ್ಪದ್ದಕ್ಕೆ ನನ್ನನ್ನು ಕರೆಸಿದರು. ಬಾಳೆಲೆಯ ಮೇಲೆ ಬ್ಯಾಗು ಮಲಗಿತು. ಅದಕ್ಕೆ ಬಿಳಿ ಬಟ್ಟೆ ಹೊದೆಸಿದರು, ಹೂ ಹಾಕಿದರು, ಬಾಯಿಯ ಹತ್ತಿರ ಹಾಲಿಟ್ಟರು. ಬಾಯಿ ಎಂದರೆ ಜಿಪ್ಪು.

"ಮಮ್ಮೀ, ಇಟ್ಸ್ ಜಸ್ಟ್ ಅ ಬ್ಯಾಗ್," ಎಂದಳು ಸಮೀಕ್ಷಾ.

"ಶ್! ಕೈ ಮುಗಿ."

ಭಟ್ಟರು ಹೇಳಿದರು: "ಸಂಸ್ಕಾರ ಮಾಡುವವರು ಸತ್ತದ್ದನ್ನು ತಮ್ಮದು ಅಂತ ಒಪ್ಪಿಕೊಳ್ಳಬೇಕು. ಆಮೇಲೆ ಸೂತಕ ಹಿಡೀಬೇಕು. ಎಲ್ಲಿಗೂ ಹೋಗುವ ಹಾಗಿಲ್ಲ."

"ನಾಡಿದ್ದು ದುಬೈಯಲ್ಲಿ ಹೊಸ ಶಾಪಿನ ಓಪನಿಂಗ್ ಉಂಟು ಭಟ್ರೇ," ಎಂದರು ಧಣಿಗಳು. ಸುತ್ತ ನೋಡಿದರು. ನಾನು ಕಂಡೆ. "ಇವ ಹಿಡಿದ್ರೆ ಆಗುದಿಲ್ವಾ ಸೂತಕ? ದಿನಾ ಅದನ್ನು ಮುಟ್ಟುವವ ಇವನೇ."

"ಯಾವ ಪೈಕಿ?"

ಧಣಿಗಳು ಭಟ್ಟರ ಕಿವಿಯಲ್ಲಿ ಹೇಳಿದರು. ಭಟ್ಟರು ತಮ್ಮ ಚಾಪೆಯನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡರು.

"ಪರದೇಶ... ಹೊಂದಿಸಿಕೊಳ್ಳುವ. ನೀನು ಅಲ್ಲೇ ಕೂತ್ಕೊ. ಮಂತ್ರ ಹೇಳುದು ಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಸತ್ತದ್ದು ಯಾರು? ಜೋರಾಗಿ ಹೇಳು."

ಇಲ್ಲಿ ನಾನು ಎದ್ದು ನಿಂತೆ, ಅಲೆಕ್ಸಾಂಡರ್ ಪೊರ್ಬುಗಳೇ! ಎದೆ ಸೆಟೆಸಿ ಕೂಗಿದೆ: "ಸತ್ತದ್ದು ಕಜೆತಾನ್! ಕೊಂದದ್ದು ಈ ಮೋಹನದಾಸ!" ಒಲೆಯ ಬೆಂಕಿ ತೆಂಗಿನ ಮರದಷ್ಟು ಎತ್ತರಕ್ಕೆ ಎದ್ದಿತು. ಭಟ್ಟರ ಜುಟ್ಟು ಸುಟ್ಟಿತು. ಧಣಿಗಳು ನನ್ನ ಕಾಲಿಗೆ ಬಿದ್ದು, "ನಮ್ಮವ, ಅವ ನಮ್ಮವ" ಎಂದು ಉರುಳಾಡಿ ಅತ್ತರು. ಎಲ್ಲವನ್ನೂ ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ...

"ತೋರಿಸು," ಎಂದಳು ರೋಸಿ ಬಾಯಿ.

"ಎಂಥದು?"

"ಮೊಬೈಲ್."

ನಾನು ಜೇಬು ಮುಟ್ಟಿಕೊಂಡೆ. ಅವಳೇ ಕೈ ಹಾಕಿ ಎಳೆದು ಮೇಜಿನ ಮೇಲಿಟ್ಟಳು. ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಗುಂಡಿ ಫೋನು. ಅದರಲ್ಲಿ ಮಾತಾಡಬಹುದು, ಟಾರ್ಚ್ ಹಾಕಬಹುದು. ಬೇರೆ ಏನೂ ಆಗದು.

"ನಾನು ಆ ಮನೆಯ ಕೆಲಸದವಳಲ್ವಾ ಪೊರ್ಬು," ಎಂದಳು ರೋಸಿ ಬಾಯಿ. "ಕಿಚನಿನ ಬಾಗಿಲಲ್ಲಿ ನಿಂತಿದ್ದೆ. ಇವ ಏಳ್ಲಿಲ್ಲ. ಕಿರುಚ್ಲಿಲ್ಲ. ಭಟ್ರು ಕೇಳಿದ್ದಕ್ಕೆ ತಲೆ ಬಗ್ಗಿಸಿ 'ಹಾವು' ಅಂದ. 'ಯಾರ ಹಾವು?' ಅಂದ್ರು. 'ನಮ್ಮದು' ಅಂದ. ಬೆಂಕಿಗೆ ಬ್ಯಾಗು ಹಾಕಿದ. ಚಂದ್ರಮತಿ ಅಕ್ಕ ಅತ್ರು, ನನ್ನ ತಮ್ಮ ಸತ್ತ ದಿನ ಹಲ್ಲುಜ್ಜುತ್ತಾ 'ಪಾಪ' ಅಂದವರು. ಆಮೇಲೆ ಗೇಟಿನ ಹೊರಗೆ ಇವನಿಗೆ ಪೇಪರ್ ಪ್ಲೇಟಿನಲ್ಲಿ ಪಾಯಸ. ಬಡಿಸಿದ್ದು ನಾನೇ. ಎರಡು ಸಲ ಹಾಕಿಸ್ಕೊಂಡ."

ಪಾತ್ರೆ ತೊಳೆಯುವವನು ನಲ್ಲಿ ನಿಲ್ಲಿಸಿದ. ಅವನೂ ಕೇಳುತ್ತಿದ್ದನೋ ಏನೋ.

"ಅದು ನಾಗರವೂ ಅಲ್ಲ," ಎಂದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿಸಿತು. "ಹೆಬ್ಬಾವು. ನಾಗರದ ಚರ್ಮದಲ್ಲಿ ಅಷ್ಟು ದೊಡ್ಡ ಬ್ಯಾಗು ಆಗುದಿಲ್ಲ. ಅವರು ಹೆದರ್ಲಿ ಅಂತ ಹೇಳಿದ್ದು. ಹೆದರಿ ಕಜೆತಾನನ ಹೆಸರು ಹೇಳ್ತಾರೆ ಅಂತ..."

"ನೋಡಿದ್ಯಲ್ಲ," ಎಂದಳು ರೋಸಿ ಬಾಯಿ. "ನಿನ್ನ ಸುಳ್ಳು ಹಾವಿಗೆ ವಿಮಾನದಲ್ಲಿ ಭಟ್ರು ಬಂದ್ರು."

ಪೊರ್ಬುಗಳು ಗುಂಡಿ ಫೋನನ್ನು ನನ್ನತ್ತ ಸರಿಸಿದರು. ಮತ್ತೆ ಮುಂದಕ್ಕೆ ಬಾಗಿದರು.

"ತನಿಯಪ್ಪ, ನಾಳೆ ಆ ಆಫೀಸರನ ಎದುರು ಒಂದು ಮೊಸಳೆ ಬಂದ್ರೂ ಕೇಸು ಖಲಾಸ್. ನಮ್ಮನ್ನು ಹೊರಗೆ ಹಾಕ್ತಾರೆ. ಇನ್ನೊಂದು. ನೀನು ನಿಜ ಹೇಳಿದ್ರೆ ನಿನ್ನ ವೀಸಾ ಕೂಡ ಕೇಳ್ತಾರೆ. ನಿನ್ನನ್ನೂ ಕಳಿಸ್ತಾರೆ. ಮತ್ತೆ ಈ ದೇಶಕ್ಕೆ ಕಾಲಿಡ್ಲಿಕ್ಕಾಗ್ಲಿಕ್ಕಿಲ್ಲ. ಯೋಚನೆ ಮಾಡು. ಹೇಳ್ತೀಯಾ?"

ನನ್ನ ಬಾಯಿಯಲ್ಲಿ ಒಂದು ಮಾತು ತಯಾರಾಗಿತ್ತು: ಈ ದೇಶವೇ ನನ್ನ ಹಿಂದೆ ನಡೆದುಕೊಂಡು ನನ್ನ ಊರು ಬಂಟ್ವಾಳಕ್ಕೆ ಬರುತ್ತದೆ ಎಂದು. ನುಂಗಿದೆ.

"ಹೇಳ್ತೇನೆ."

"ಈಗ ಹೇಳು," ಎಂದಳು ರೋಸಿ ಬಾಯಿ. "ನನ್ನ ಮುಖ ನೋಡಿ. ಎಂಥದೂ ಸೇರಿಸ್ಬೇಡ."

ಲೋಟ ಕೆಳಗಿಟ್ಟೆ.

"ನನ್ನ ಹೆಸರು ತನಿಯಪ್ಪ. ಕಜೆತಾನ್ ನನ್ನೊಟ್ಟಿಗೆ ಮೋಹನದಾಸರ ಕಾರ್ಖಾನೆಯಲ್ಲಿ ಬ್ಯಾಗುಗಳಿಗೆ ಬಣ್ಣ ಹಾಕ್ತಿದ್ದ. ಚೆಕಿಂಗ್ ಅಂತ ಧಣಿಗಳು ನಮ್ಮಿಬ್ಬರನ್ನು ಒಳಗೆ ಹಾಕಿದ್ರು. ಸದ್ದು ಕೇಳ್ತದೆ ಅಂತ ಫ್ಯಾನ್ ಬಂದ್ ಮಾಡಿದ್ರು. ಲೈಟೂ ಬಂದ್. ಕತ್ತಲೆಯಲ್ಲಿ ಥಿನ್ನರ್ ಡಬ್ಬ ಕಾಲಿಗೆ ತಾಗಿ ಚೆಲ್ಲಿತು. ನಾನು ಬಾಗಿಲು ಬಡೀಲಿಕ್ಕೆ ಹೋದೆ. ಕಜೆತಾನ್ ಕೈ ಹಿಡಿದ. 'ಬೇಡ ಮಾರಾಯ, ಸಿಕ್ಕಿದ್ರೆ ಇಬ್ಬರೂ ಹೋಗ್ತೇವೆ, ಅಕ್ಕನನ್ನೂ ಮನೆಯಿಂದ ಹೊರಗೆ ಹಾಕ್ತಾರೆ' ಅಂದ."

ರೋಸಿ ಬಾಯಿಯ ಕೈಯಲ್ಲಿ ಲೋಟ ನಿಂತಿತು.

"ಬಾಯಿಗೆ ಅಂಗಿ ಒತ್ತಿ ಹಿಡ್ಕೊಂಡು ಕೆಮ್ಮಿದ. ಹೊರಗೆ ಕೇಳ್ಬಾರ್ದು ಅಂತ. ಮತ್ತೆ ಅವನ ಎದೆಯಿಂದ ತುತ್ತೂರಿಯ ಬಾಯಿ ಕಟ್ಟಿದ ಹಾಗೆ ಒಂದು ಸದ್ದು. ಮತ್ತೆ ಅದೂ ಇಲ್ಲ. ನನ್ನ ಕೈ ಹಿಡಿದ ಅವನ ಕೈ ಬಿಟ್ಟಿತು. ಆಮೇಲೆ ಧಣಿಗಳು ಬಂದ್ರು. ಪಾರ್ಕಿಂಗಿನಲ್ಲಿ ಮಲಗಿಸು ಅಂದ್ರು. ತಲೆಯ ಕಡೆ ಅವರ ಡ್ರೈವರ್, ಕಾಲಿನ ಕಡೆ ನಾನು."

"ಕೈ ಬಿಟ್ಟ ಮೇಲೆ ಬಾಗಿಲು ಒದ್ದೆಯಾ?" ಎಂದಳು ರೋಸಿ ಬಾಯಿ.

"ಒದ್ದೆ."

"ಮುರೀಲಿಲ್ವಾ?"

"ಇಲ್ಲ ಬಾಯಿ," ಎಂದೆ. "ಹೊರಗಿನಿಂದ ಬೀಗ ಹಾಕಿದ್ರು."