ನಿಂತಿದ್ದ ರೈಲಿನ ನಾಲ್ಕು ನಿಮಿಷ

ಕಿರಣ ಹೋಗಿ ಹತ್ತು ತಿಂಗಳಾಗುವ ಹೊತ್ತಿಗೆ ನನಗೆ ಅವನ ದನಿ ಮರೆತುಹೋಗಿತ್ತು. ಮುಖ ಮರೆತಿರಲಿಲ್ಲ. ಮುಖಕ್ಕೆ ಫೋಟೋಗಳಿದ್ದವು; ಹಾಲ್‌ನಲ್ಲಿ ಒಂದಕ್ಕೆ ಹಾರ ಹಾಕಿ ಕೆಳಗೆ ಕೆಂಪು ಬಲ್ಬು ಸಿಕ್ಕಿಸಿದ್ದೆವು. ಅವನು ಏನೇನು ಹೇಳುತ್ತಿದ್ದ ಎಂಬುದೂ ನೆನಪಿತ್ತು. ಆದರೆ ಆ ಮಾತುಗಳೆಲ್ಲ ನನ್ನ ತಲೆಯೊಳಗೆ ನನ್ನದೇ ದನಿಯಲ್ಲಿ ಕೇಳತೊಡಗಿದ್ದವು. ಕುಕ್ಕರ್ ಕೂಗುವುದನ್ನು ಕಾಯುತ್ತ ನಿಂತಿದ್ದಾಗ ಒಂದು ದಿನ ಇದು ಗೊತ್ತಾಯಿತು. ಮೂರನೇ ಸಲ ಕೂಗಿದ ಮೇಲೆ ಒಲೆ ಆರಿಸಿದೆ.

ಅವನು ಸತ್ತದ್ದು ಮಣಲಿಯಲ್ಲಿ, ಕೆಲಸದ ಜಾಗದ ಕ್ಯಾಂಟೀನಿನಲ್ಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ. ಮೂವತ್ತೇಳು ವರ್ಷ. ಹೃದಯ ಎಂದರು. ಫೋನು ಕಂಪನಿಯದು, ವಾಪಸು ತೆಗೆದುಕೊಂಡು, ನಿಯಮದ ಪ್ರಕಾರ ಅದರಲ್ಲಿದ್ದುದನ್ನೆಲ್ಲ ಅಳಿಸಿದರು. ನನ್ನ ಫೋನಿನಲ್ಲಾದರೂ ಅವನ ವಾಯ್ಸ್ ಮೆಸೇಜುಗಳು ಇರಬೇಕಿತ್ತು. ಅವನಿಗೆ ಟೈಪ್ ಮಾಡಲು ಸೋಮಾರಿತನ. ಕರಿಬೇವು ತರಬೇಕೇ ಎಂಬುದನ್ನೂ ಹೇಳಿಯೇ ಕಳಿಸುತ್ತಿದ್ದ. ಫೋನಿನಲ್ಲಿ ಜಾಗ ಸಾಲದೆಂದು ಎಲ್ಲ ಮೆಸೇಜೂ ಏಳು ದಿನಕ್ಕೆ ತಾನಾಗಿ ಅಳಿಸಿಹೋಗುವಂತೆ ಇಟ್ಟಿದ್ದವಳು ನಾನು. ಕರ್ಮಗಳೆಲ್ಲ ಮುಗಿದು ಹುಡುಕಲು ಕೂತಾಗ ಹದಿನಾಲ್ಕನೇ ದಿನ.

ದಿನಾ ಬೆಳಿಗ್ಗೆ ಸ್ಕೂಟರ್ ಹತ್ತಿ ಗೇಟಿನ ಹತ್ತಿರ ನಿಲ್ಲುತ್ತಿದ್ದ. ಎರಡನೇ ಮಹಡಿಯ ಬಾಲ್ಕನಿಗೆ ನಾನು ಬಂದು ಕೈ ಎತ್ತುವವರೆಗೆ ಹೊರಡುತ್ತಿರಲಿಲ್ಲ. ತಡವಾದರೆ ಕೆಳಗಿನಿಂದ “ಊರ್ಮೀ, ಕೈ” ಎಂದು ಕೂಗುವನು. ಎದುರು ಮನೆಯವರು ಇದನ್ನು ಪ್ರೀತಿ ಅಂದುಕೊಂಡಿದ್ದರು. ನಾನು ಚಾಳಿ ಅಂದುಕೊಂಡಿದ್ದೆ. ಸ್ಕೂಟರನ್ನು ಈಗ ನಾನು ಓಡಿಸುತ್ತೇನೆ, ಅಂಬತ್ತೂರಿನ ಆಫೀಸಿಗೆ.

ದನಿಗಾಗಿ ಮೊದಲು ಮದುವೆಯ ವಿಡಿಯೋ ಹಾಕಿ ನೋಡಿದೆ. ನಂಜನಗೂಡಿನ ಛತ್ರ, ಮೂರು ಗಂಟೆ. ಧಾರೆಯಿಂದ ಊಟದ ಪಂಕ್ತಿಯವರೆಗೆ ಒಂದೇ ಸಮ ನಾದಸ್ವರ, ನಡುನಡುವೆ ಸಿನಿಮಾ ಹಾಡು. ಒಂದು ಕಡೆ ಕಿರಣ ನನ್ನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಾನೆ, ನಾನು ನಗುತ್ತೇನೆ. ಏನು ಹೇಳಿದ್ದನೋ ನೆನಪಿಲ್ಲ. ಅಲ್ಲಿ ಕೊಳಲು ಹಾಕಿದ್ದಾರೆ.

ಕೊನೆಗೆ ಮಾವನನ್ನು ಕೇಳಿದೆ.

ತಮಿಳು ಸೀಮೆಯ ಪೆರಂಬೂರಿನಲ್ಲಿರುವ ಈ ಮನೆ ಮಾವನದು. ರಾಮದಾಸ ಎಂದು ಹೆಸರು. ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಗಾರ್ಡ್ ಆಗಿದ್ದರು, ಎಂದರೆ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ದೂರ ಸರಿಯುವ ಹಳಿಗಳನ್ನು ನೋಡಿದ್ದರು. ಈಗಲೂ ಹಾಲಿನವನು ತಡಮಾಡಿದರೆ, ಹಾಲು ಔಟರ್ ಸಿಗ್ನಲ್‌ನಲ್ಲಿ ನಿಂತಿದೆ ಎನ್ನುತ್ತಾರೆ. ಅತ್ತೆ ನಾಗಮಣಿ ತೀರಿಕೊಂಡು ಆರು ವರ್ಷವಾಗಿತ್ತು. ಹೀಗಾಗಿ ಮನೆಯಲ್ಲಿ ಇಬ್ಬರೇ. ನನ್ನ ತಂದೆತಾಯಿ ತುಮಕೂರಿಗೆ ಬಂದುಬಿಡು ಎಂದು ವಾರಕ್ಕೊಮ್ಮೆ ಹೇಳುತ್ತಿದ್ದರು. ನೋಡೋಣ ಎಂದು ನಾನೂ ವಾರಕ್ಕೊಮ್ಮೆ ಹೇಳುತ್ತಿದ್ದೆ.

ಕಿರಣನ ದನಿ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದಾಗ ಮಾವ ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿದರು. ಒಳಗೆ ಮೂರು ಪುಟ್ಟ ವಿಡಿಯೋ ಕ್ಯಾಸೆಟ್ಟುಗಳು. ಅವರ ತಮ್ಮ ದುಬೈಯಿಂದ ಹ್ಯಾಂಡಿಕ್ಯಾಮ್ ತಂದುಕೊಟ್ಟಿದ್ದನಂತೆ, ತೊಂಬತ್ತಮೂರರಲ್ಲಿ. ಕಿರಣನಿಗೆ ಆಗ ಆರು ವರ್ಷ. ಕ್ಯಾಸೆಟ್ಟುಗಳ ಮೇಲೆ ಗುಂಡಗಿನ ಅಕ್ಷರದಲ್ಲಿ ತಾರೀಕು, ಹೊರಟ ಸಮಯ, ತಲುಪಿದ ಸಮಯ ಬರೆದಿತ್ತು.

“ನಾನು ತೆಗ್ದಿದ್ದೆಲ್ಲ ಗಾಡೀನೇ ಕಣಮ್ಮ” ಎಂದರು. “ಮಗೂನ ತೆಗೀಬೇಕು ಅಂತ ಹೊಳೀಲೇ ಇಲ್ಲ. ಮಗು ಇಲ್ಲೇ ಇದ್ನಲ್ಲ.”

ಗಾಡಿ ಎಂದರೆ ಆಟದ ರೈಲು. ಶೋಕೇಸಿನಲ್ಲಿ ಈಗಲೂ ಇದೆ. ತಗಡಿನ ಹಸಿರು ಎಂಜಿನ್, ಮೂರು ಬೋಗಿ, ಒಂದು ಗಾಲಿ ಇಲ್ಲ, ತಿರುಗಿಸುವ ಕೀಲಿಯೂ ಕಳೆದಿದೆ. ಮಾವನ ಜೊತೆ ಕೆಲಸ ಮಾಡಿದ ಆಂಗ್ಲೋ ಇಂಡಿಯನ್ ಡ್ರೈವರೊಬ್ಬರು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ಕಿರಣನಿಗೆ ಕೊಟ್ಟದ್ದು. ಆಗಲೇ ಅದು ಹಳೆಯದಂತೆ; ಅವರ ತಾತನ ಕಾಲದ್ದು. ಕಿರಣ ಅದರ ವಿಷಯ ಹೇಳಿದ್ದು ಒಂದೇ ಸಲ. ನಾನು ಧೂಳು ಒರೆಸುವಾಗ, ಎಂಜಿನ್ನಿನ ಮುಖ ಬಾಗಿಲ ಕಡೆಗಿರಲಿ ಎಂದಿದ್ದ.

ಪೆರಂಬೂರಿನಲ್ಲೇ ಮುತ್ತುವೇಲ್ ಎಂಬವರ ಸ್ಟುಡಿಯೋ ಇದೆ. ಮದುವೆ, ಕಿವಿ ಚುಚ್ಚುವುದು, ಹುಡುಗಿ ದೊಡ್ಡವಳಾದ ಸಮಾರಂಭ, ಎಲ್ಲದರ ವಿಡಿಯೋ ಮಾಡುತ್ತಾರೆ. ಈ ಕ್ಯಾಸೆಟ್ ಓಡಿಸುವ ಯಂತ್ರ ತಮ್ಮಲ್ಲಿಲ್ಲ, ಸೌಕಾರ್‌ಪೇಟೆಯ ಪರಿಚಯದವರಲ್ಲಿ ಒಂದಿದೆ, ತರಿಸಿ ಮಾಡಿಕೊಡುತ್ತೇನೆ ಎಂದರು. ಒಂದು ವಾರದ ಮೇಲೆ ಪೆನ್‌ಡ್ರೈವ್ ಕೊಟ್ಟು, ತುಂಬ ಚೆನ್ನಾಗಿ ಬಂದಿದೆ ಎಂದು ತಾವೇ ಹೇಳಿದರು.

ಟಿವಿಗೆ ಸಿಕ್ಕಿಸಿ ಇಬ್ಬರೂ ಕೂತೆವು. ಮೊದಲು ತಾವರೆ ಹೂವು ಅರಳಿತು. ಅದರೊಳಗಿಂದ ರೈಲು ಬಂತು. ಜೊತೆಗೆ ನಾದಸ್ವರ.

ಇಪ್ಪತ್ತೆರಡು ನಿಮಿಷ ರೈಲು ಕುರ್ಚಿಯ ಕಾಲುಗಳ ನಡುವೆ ಸುತ್ತಿತು. ಕ್ಯಾಮೆರಾ ನೆಲದಿಂದ ಮೇಲೇಳುವುದೇ ಇಲ್ಲ. ಆಗಾಗ ಒಂದು ಮಂಡಿ, ಕೀಲಿ ತಿರುಗಿಸುವ ಬೆರಳುಗಳು. ಬೆರಳು ಬಂದಾಗಲೆಲ್ಲ ಕೊಳಲು. ಒಂದು ಕಡೆ ಬೋಗಿ ಉರುಳಿಬಿತ್ತು. ಅದಕ್ಕೆ ವೀಣೆ ಹಾಕಿದ್ದರು.

“ಗಾಡಿ ಚೆನ್ನಾಗೇ ಓಡ್ತಿದೆ” ಎಂದರು ಮಾವ.

ತಪ್ಪು ನನ್ನದು. ಸಂಗೀತ ಬೇಡ ಎಂದು ನಾನು ಹೇಳಿರಲಿಲ್ಲ. ಹೇಳದೇ ಇದ್ದರೆ ಹಾಕುತ್ತಾರೆ; ಅದನ್ನು ನನಗಿಂತ ಚೆನ್ನಾಗಿ ತಿಳಿದವರು ಯಾರು.

ಮರುದಿನ ಹೋಗಿ ಮೂಲ ಶಬ್ದ ಬೇಕು ಎಂದೆ. ಮುತ್ತುವೇಲ್‌ಗೆ ಅರ್ಥವಾಗಲಿಲ್ಲ. ಅದರಲ್ಲಿ ಬರೀ ಫ್ಯಾನಿನ ಸದ್ದು, ಕುಕ್ಕರು, ಯಾರೋ ಮಾತಾಡುತ್ತಾರೆ, ಆದ್ದರಿಂದ ತೆಗೆದೆ ಎಂದರು. ಸಂಗೀತ ನಮ್ಮ ಲೆಕ್ಕದಲ್ಲಿ ಉಚಿತ ಎಂದೂ ಸೇರಿಸಿದರು. ತೆಗೆದದ್ದು ಕಂಪ್ಯೂಟರಿನಲ್ಲಿದೆಯೇ ಎಂದು ಕೇಳಿದೆ. ಒಂದಾದ ಮೇಲೊಂದು ಮೂರು ಮದುವೆ ಬಂದಿತ್ತು, ಜಾಗಕ್ಕಾಗಿ ಅಳಿಸಿದ್ದರು. ಕ್ಯಾಸೆಟ್ಟುಗಳಲ್ಲಿ ಎರಡರ ಟೇಪು ಮೊದಲ ಸಲ ಓಡುವಾಗಲೇ ತುಂಡಾಗಿತ್ತು. ಮೂರನೆಯದು ಇನ್ನೊಂದು ಸಲ ಓಡಿದರೂ ಓಡಬಹುದು, ಗ್ಯಾರಂಟಿ ಇಲ್ಲ ಎಂದರು.

ಆಮೇಲೆ ಸ್ವಲ್ಪ ಸಂಕೋಚದಿಂದ ಇನ್ನೊಂದು ವಿಷಯ ಹೇಳಿದರು. ಆ ಮೂರನೆಯದರ ಆರಂಭದಲ್ಲಿ ನಾಲ್ಕು ನಿಮಿಷ ರೈಲು ಸುಮ್ಮನೆ ನಿಂತಿರುತ್ತದೆ; ಅಷ್ಟನ್ನು ಅವರು ಕತ್ತರಿಸಿದ್ದರು.

“ಅದ್ಲ ಒಣ್ಣುಮೇ ನಡಕ್ಕಲೆಯೇ, ಮೇಡಂ” ಎಂದರು. ಅಲ್ಲಿ ಏನೂ ನಡೆಯುವುದೇ ಇಲ್ಲವಲ್ಲ.

ಅದೇ ನನಗೆ ಬೇಕು ಎಂದೆ.

ಶನಿವಾರ ನಾಲ್ಕು ಗಂಟೆಗೆ ಬರಹೇಳಿದರು. ಮಾವ ತಾವೂ ಬರುತ್ತೇನೆ ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಆ ಗಾಲಿ ಯಾವಾಗ ಬಿದ್ದುಹೋಯಿತೆಂದು ನೋಡಬೇಕಂತೆ. ಸ್ಟುಡಿಯೋದಲ್ಲಿ ಕೂರಲು ಇದ್ದದ್ದು ಒಂದು ಪ್ಲಾಸ್ಟಿಕ್ ಸ್ಟೂಲು, ಇನ್ನೊಂದು, ದೊಡ್ಡವರಾದ ಹುಡುಗಿಯರನ್ನು ಕೂರಿಸಿ ಫೋಟೋ ತೆಗೆಯುವ ಕೆಂಪು ಮಖಮಲ್ಲಿನ ಸಿಂಹಾಸನ. ಮಾವ ಸಿಂಹಾಸನದಲ್ಲಿ ಕೂತರು. ಹಿಂದೆ ಪರದೆಯ ಮೇಲೆ ಜಲಪಾತವಿತ್ತು.

ಮುತ್ತುವೇಲ್ ಕ್ಯಾಸೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಯಂತ್ರದೊಳಗೆ ಇಟ್ಟರು. ಕಂಪ್ಯೂಟರಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಳ್ಳುವ ಕೆಂಪು ಚುಕ್ಕೆ ಹತ್ತಿತು. ತೆರೆಯ ಮೇಲೆ ಗೆರೆಗಳು ಬಂದು ಹೋಗಿ, ಹಸಿರು ಎಂಜಿನ್ ಕಾಣಿಸಿತು. ನಿಂತಿತ್ತು. ಅದರ ಬೆನ್ನ ಮೇಲೆ ಒಂದು ಪುಟ್ಟ ಕೈ.

ಫ್ಯಾನಿನ ಸದ್ದು. ಆಮೇಲೆ ಮಾವನ ದನಿ, ಈಗಿನದಕ್ಕಿಂತ ದಪ್ಪ.

“ಡ್ರೈವರ್ ಸಾರ್, ಗಾಡಿ ಯಾಕೆ ನಿಂತಿದೆ?”

“ಗಾರ್ಡ್ ಕೈ ಕಾಟ್ಟಲೆ” ಎಂದಿತು ಮಗುವಿನ ದನಿ.

“ಮನೇಲಿ ಕನ್ನಡ.”

“ಗಾರ್ಡ್ ಕೈ ತೋರಿಸ್ಲಿಲ್ಲ.”

“ಗಾರ್ಡ್ ಎಲ್ಲವ್ರೆ?”

“ಅಡುಗೆಮನೇಲಿ.”

ಮಾವನ ಎರಡು ಕೈಯಲ್ಲೂ ಕ್ಯಾಮೆರಾ ಇತ್ತಲ್ಲ. ಆದ್ದರಿಂದ ಅವತ್ತಿನ ಗಾರ್ಡ್ ಕೆಲಸ ಅತ್ತೆಗೆ ಬಿದ್ದಿತ್ತು. ಗಾರ್ಡ್ ಕೊನೆಯ ಡಬ್ಬಿಯಿಂದ ಕೈ ತೋರಿಸದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಆ ಮನೆಯಲ್ಲಿ ಆಟದ ರೈಲಿಗೂ ಅದೇ ನಿಯಮ. ಇದನ್ನು ಮಾವ ಸಿಂಹಾಸನದಿಂದ ಮುತ್ತುವೇಲ್‌ಗೆ ತಮಿಳಿನಲ್ಲಿ ವಿವರಿಸಿದರು. ಮುತ್ತುವೇಲ್ ಗೌರವದಿಂದ ತಲೆಯಾಡಿಸಿದರು.

ತೆರೆಯ ಮೇಲೆ ಅತ್ತೆ ಕಾಣಿಸಲಿಲ್ಲ. ದನಿ ಮಾತ್ರ ಬಂತು, ದೂರದಿಂದ.

“ನಾನು ನಿಮ್ಮ ಗಾಡಿಗೆ ಕೈ ಆಡಿಸ್ಕೊಂಡು ನಿಂತ್ರೆ ಸಾರಿಗೆ ಉಪ್ಪು ಯಾರು ಹಾಕ್ತಾರೆ? ಹೊರಡ್ಲಿ ಬಿಡಿ, ಸಾಕು.”

“ಕೈ ಇಲ್ದೆ ಹೊರಡಂಗಿಲ್ಲಮ್ಮ” ಎಂದಿತು ಮಗು.

“ಹಂಗಾದ್ರೆ ಅಲ್ಲೇ ಇರಪ್ಪ.”

ಮಾವ ಸಿಂಹಾಸನದಲ್ಲಿ ನೆಟ್ಟಗೆ ಕೂತರು.

ಆಮೇಲೆ ಏನೂ ನಡೆಯಲಿಲ್ಲ. ಮುತ್ತುವೇಲ್ ಹೇಳಿದ್ದು ನಿಜ. ರೈಲು ನಿಂತೇ ಇತ್ತು. ಅದರ ಮೇಲಿನ ಕೈ ಆಗಾಗ ಬೆರಳು ಬದಲಿಸುತ್ತಿತ್ತು. ಕುಕ್ಕರ್ ಒಂದು ಸಲ ಕೂಗಿತು. ಬೀದಿಯಲ್ಲಿ ಯಾರೋ ಹಳೆ ಪೇಪರಿಗಾಗಿ ಕೂಗಿಕೊಂಡು ಹೋದರು. ಕಿರಣನ ದನಿ ಕೇಳಿಸಿಕೊಂಡೆನಲ್ಲ, ಆದರೆ ಅದು ಅವನದಾಗಿರಲಿಲ್ಲ. ಆರು ವರ್ಷದ ಯಾವುದೋ ಹುಡುಗನ ಕೀರಲು ದನಿ. ಮನೆಗೆ ಹೋಗಿ ಅಕ್ಕಿ ನೆನೆಹಾಕಬೇಕು ಎಂದು ಯೋಚಿಸಿದೆ.

ಆಗ ಹುಡುಗ ಕರೆದ.

“ಅಮ್ಮಾ, ಕೈ.”

ಅದು ಬೇಡುವ ದನಿಯಲ್ಲ, ಸಿಟ್ಟೂ ಇಲ್ಲ. ‘ಅಮ್ಮಾ’ ಎಂಬುದನ್ನು ಎಳೆದು, ಸ್ವಲ್ಪ ತಡೆದು, ‘ಕೈ’ ಎಂಬುದನ್ನು ಮೇಜಿನ ಮೇಲೆ ಲೋಟ ಇಟ್ಟ ಹಾಗೆ ಮೆಲ್ಲಗೆ ಕೆಳಗಿಟ್ಟ. ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ಅದೇ ತಡೆ, ಅದೇ ಇಳಿತ. ಎಂಟು ವರ್ಷ ಕೇಳಿದ್ದೆ. ‘ಅಮ್ಮಾ’ ಇದ್ದಲ್ಲಿ ‘ಊರ್ಮೀ’ ಇಟ್ಟು ನೋಡಿದೆ. ಬಂತು. ಅವನದೇ ದನಿ, ಮೂವತ್ತೇಳು ವರ್ಷದವನದು, ಹೆಲ್ಮೆಟ್ಟಿನೊಳಗಿಂದ ಬಂದ ಹಾಗೆ ತುಸು ಮಂಕಾಗಿ. ಕೊನೆಯ ದಿನವೂ ಕೂಗಿದ್ದ. ನಾನು ಬಟ್ಟೆ ಹಿಂಡುತ್ತಿದ್ದೆ. ಒದ್ದೆ ಕೈಯನ್ನೇ ಎತ್ತಿದ್ದೆ. ಅವನು ಹೊರಟಿದ್ದ.

ಯಂತ್ರದೊಳಗೆ ಕರಕರ ಸದ್ದಾಯಿತು. ಚಿತ್ರ ಓರೆಯಾಗಿ ನಿಂತಿತು. ಮುತ್ತುವೇಲ್ ಗಾಬರಿಯಾಗಿ ಗುಂಡಿ ಒತ್ತಿ, ಮುಚ್ಚಳ ತೆಗೆದು, ಒತ್ತುಶಾವಿಗೆಯ ಹಾಗೆ ಸುತ್ತಿಕೊಂಡ ಟೇಪನ್ನು ಬೆರಳಲ್ಲಿ ಎತ್ತಿದರು. ಅಲ್ಲಿಯವರೆಗಿನದು ಕಂಪ್ಯೂಟರಿನಲ್ಲಿ ಉಳಿದಿತ್ತು: ಮೂರು ನಿಮಿಷ ಐವತ್ತು ಸೆಕೆಂಡು. ರೈಲು ಹೊರಡುವ ಜಾಗವೇ ಹೋಯಿತಲ್ಲ ಎಂದು ಅವರು ಬಹಳ ಬೇಜಾರು ಮಾಡಿಕೊಂಡರು.

“ಪರವಾಗಿಲ್ಲಪ್ಪ” ಎಂದರು ಮಾವ, ಮುತ್ತುವೇಲ್‌ಗೆ ತಿಳಿಯದ ಕನ್ನಡದಲ್ಲೇ. “ಅವಳು ಕೈ ತೋರ್ಸಿದ್ಲು. ಇಲ್ದೇ ಇದ್ರೆ ಗಾಡಿ ಹೊರಡ್ತಾನೇ ಇರ್ಲಿಲ್ಲ.”

ಮತ್ತೆ ತಮಿಳಿಗೆ ಬಂದು, ಆ ಉಪ್ಪಿನ ಮಾತು ಇದೆಯಲ್ಲ, ಅದನ್ನೊಂದು ಸಲ ಹಾಕು ಎಂದರು. ಮುತ್ತುವೇಲ್ ಹಾಕಿದರು. ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಹಾಕಿದರು. ಗಾಲಿಯ ವಿಷಯ ಮಾವ ಕೇಳಲಿಲ್ಲ. ತೆರೆಯ ಮೇಲೆ ಅದು ಎಂಜಿನ್ನಿನ ಕೆಳಗೆ ಸರಿಯಾಗಿಯೇ ಇತ್ತು.

ಮುತ್ತುವೇಲ್ ಒಳಗೆ ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟರು. ನನಗೆ ಬಾಯಾರಿರಲಿಲ್ಲ. ಕುಡಿದೆ. ಇದಕ್ಕೆ ಏನೂ ಸೇರಿಸಬೇಡಿ ಎಂದು ಎರಡು ಸಲ ಹೇಳಿದೆ. ತಾವರೆಯೂ ಬೇಡವೇ ಎಂದು ಕೇಳಿದರು. ತಾವರೆಯೂ ಬೇಡ ಎಂದೆ.

ಭಾನುವಾರ ಅಮ್ಮ ತುಮಕೂರಿನಿಂದ ಫೋನ್ ಮಾಡಿದಾಗ, ಸದ್ಯಕ್ಕೆ ಬರುವುದಿಲ್ಲ ಎಂದೆ. ನೋಡೋಣ ಎನ್ನಲಿಲ್ಲ. ಅಲ್ಲಿ ಏನಿದೆ ನಿನಗೆ ಎಂದು ಅಮ್ಮ ಕೇಳಿದಳು. ಮಾವ ಹಾಲ್‌ನಲ್ಲಿ ಶೋಕೇಸಿನ ಗಾಜು ಸರಿಸಿ, ಹಾಳಾದ ಕ್ಯಾಸೆಟ್ಟನ್ನು ಕೊನೆಯ ಬೋಗಿಯ ಹಿಂದೆ ಇಡುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕಬೇಕು ಎಂದು ಹೇಳಿ ಫೋನ್ ಇಟ್ಟೆ.

ಸೋಮವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಗೇಟಿನ ಹತ್ತಿರ ನಿಂತೆ. ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮೇಲೆ ಮಾವ ಬಾಲ್ಕನಿಯಲ್ಲಿ, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಪೇಪರು ಹಿಡಿದಿದ್ದರು. ನಾನು ನಿಂತದ್ದನ್ನು ನೋಡಿ, ಏನಾದರೂ ಮರೆತೆಯಾ ಎಂಬಂತೆ ಹುಬ್ಬು ಏರಿಸಿದರು.

“ಮಾವ, ಕೈ” ಎಂದೆ.

ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು. ಪೇಪರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದರು. ಒಂದು ಆಟೋ ಬರುತ್ತಿತ್ತು, ಅದು ದಾಟಿಹೋಗುವವರೆಗೆ ಕಾದರು. ಆಮೇಲೆ ಕೈ ಎತ್ತಿದರು.